ಭೀತಿವಾದವೂ ಶಾಸ್ತ್ರಪ್ರಾಮಾಣ್ಯವೂ

ಜಾತಕಕಥೆಗಳಲ್ಲಿ ಮೊಲವೊಂದರ ವೃತ್ತಾಂತವು ಬರುತ್ತದೆ. ಎಳೆಯ ತಾಳೆಯ ಗಿಡದ ಕೆಳಗೆ ಮಲಗಿಕೊಂಡು, ಈ ಭೂಮಿಯೇ ಬಿರಿದುಹೋದರೆ ತನಗೆ ಗತಿ ಯಾವುದೆಂದು ಅದು ಚಿಂತಿಸುತ್ತಿರುವಷ್ಟರಲ್ಲಿ, ಬಿಲ್ವವೃಕ್ಷದಿಂದ ಕಳಿತ ಫಲವೊಂದು ತಾಳೆಗರಿಯ ಮೇಲೆ ದಢಾರನೆ ಬಿದ್ದಿತು. ಮೊಲವು ಹಿಂದಿರುಗಿಯೂ ನೋಡದೆ ಓಟಕಿತ್ತಿತು. ಅದರ ಹಿಂದೆ ಮಿಕ್ಕ ಮೊಲಗಳು, ಅವುಗಳ ಹಿಂದೆ ಜಿಂಕೆ, ಹಂದಿ, ಎಮ್ಮೆ, ಹುಲಿ, ಆನೆಗಳು ಹೊರಟು, ಕಾಡಿಗೆ ಕಾಡೇ ಓಡತೊಡಗಿತು. ಅಡ್ಡವಾಗಿ ಬಂದು ನಿಂತ ಸಿಂಹವು ಕೇಳಿದ ಪ್ರಶ್ನೆ ಒಂದೇ: ಕಂಡವರು ಯಾರು? ಆನೆಗಳು ಹುಲಿಗಳನ್ನು ತೋರಿಸಿದುವು. ಹುಲಿಗಳು ಎಮ್ಮೆಗಳನ್ನು ತೋರಿಸಿದುವು. ಕೊನೆಗೆ ಬೆರಳು ಮೊಲದ ಕಡೆಗೆ ತಿರುಗಿತು. ಸಿಂಹವು ಅದನ್ನು ಬೆನ್ನಮೇಲೆ ಕೂರಿಸಿಕೊಂಡು ಹೋಗಿ ನೋಡಿದಾಗ ಅಲ್ಲಿ ಇದ್ದುದು ಒಂದು ಬಿಲ್ವದ ಹಣ್ಣು.

ಮಕ್ಕಳಿಗೆ ಹೇಳತಕ್ಕ ಕಥೆಯೆಂದು ಇದನ್ನು ಬಿಟ್ಟುಬಿಡಲಾಗದು. ಕಾಡಿನ ಮೊಲವು ಬರಿಯ ಮೊಲ. ಅದನ್ನು ನಂಬಿ ಕೆಟ್ಟರೆ ನಂಬಿದವರದೇ ತಪ್ಪು. ಓಡುವವನ ಕೈಯಲ್ಲಿ ಶಾಸ್ತ್ರದ ಮುದ್ರೆಯಿದ್ದರೆ ವಿಚಾರವೇ ಬೇರೆ. ನ್ಯಾಯಭಾಷ್ಯಕಾರನಾದ ವಾತ್ಸ್ಯಾಯನನು ಆಪ್ತನೆಂದರೆ ಯಾರೆಂಬುದನ್ನು ಬಹಳ ಬಿಗಿಯಾಗಿ ಹೇಳಿದ್ದಾನೆ: ವಸ್ತುವನ್ನು ಸಾಕ್ಷಾತ್ತಾಗಿ ಅರಿತಿರಬೇಕು, ಅರಿತುದನ್ನು ಅರಿತಂತೆಯೇ ತಿಳಿಸಬೇಕೆಂಬ ಇಚ್ಛೆಯಿಂದ ಮಾತನಾಡಬೇಕು. ಈ ಲಕ್ಷಣವು ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನವೆಂದು ಸೇರಿಸಿರುವುದು ಅವನ ಔದಾರ್ಯ. ಇದರಲ್ಲಿ ಎರಡನೆಯ ಭಾಗವು ಮೊದಲನೆಯದಕ್ಕಿಂತ ಕಠಿನವಾದುದು. ಅರಿಯುವುದು ಬುದ್ಧಿಯ ಕೆಲಸ. ಅರಿತಷ್ಟನ್ನೇ ಹೇಳುವುದು ಶೀಲದ ಕೆಲಸ. ಗೃಹಸ್ಥನು ರೋಗಾಣುವನ್ನು ಕಂಡವನಲ್ಲ, ನಕ್ಷತ್ರದ ದೂರವನ್ನು ಅಳೆದವನಲ್ಲ. ಆದರೂ ಕಂಡವರ ಮಾತನ್ನು ನಂಬಿ ಮಗುವಿನ ತೋಳನ್ನು ಲಸಿಕೆಯ ಸೂಜಿಗೆ ಒಡ್ಡುತ್ತಾನೆ. ಆ ನಂಬಿಕೆಯನ್ನು ಒಂದು ಸಲ ಕೆಡಿಸಿದರೆ, ಮತ್ತೊಂದು ಮಗುವಿನ ತೋಳು ಹಿಂದಕ್ಕೆ ಸರಿಯುತ್ತದೆ.

ಪಾಶ್ಚಾತ್ಯ ಖಗೋಳಶಾಸ್ತ್ರವು ಜನರ ನಂಬಿಕೆಯನ್ನು ಗಳಿಸಿದ್ದೂ, ಅದರಲ್ಲಿ ಒಂದಂಶವನ್ನು ಪತ್ರಿಕೆಗಳ ಮೂಲಕ ಕಳೆದುಕೊಂಡದ್ದೂ ಒಂದೇ ಧೂಮಕೇತುವಿನಿಂದ ಎಂಬುದು ವಿಚಿತ್ರವಾಗಿದೆ. ವರಾಹಮಿಹಿರನು ಬೃಹತ್ಸಂಹಿತೆಯ ಕೇತುಚಾರಾಧ್ಯಾಯದಲ್ಲಿ, ಕೇತುಗಳ ಉದಯಾಸ್ತಗಳನ್ನು ಗಣಿತದಿಂದ ತಿಳಿಯುವುದು ಶಕ್ಯವಲ್ಲವೆಂದು ಸರಳವಾಗಿ ಒಪ್ಪಿಕೊಂಡಿದ್ದಾನೆ. ಆ ಕಾಲಕ್ಕೆ ಅದು ನಿಜವಾದ ಮಾತು. ಎಡ್ಮಂಡ್ ಹ್ಯಾಲಿಯು ೧೫೩೧, ೧೬೦೭, ೧೬೮೨ನೆಯ ವರ್ಷಗಳಲ್ಲಿ ಕಂಡವು ಮೂರಲ್ಲ, ಒಂದೇ ಧೂಮಕೇತುವೆಂದು ೧೭೦೫ರಲ್ಲಿ ವಾದಿಸಿ, ಅದು ೧೭೫೮ರ ಸುಮಾರಿಗೆ ಮರಳುವುದೆಂದು ಬರೆದಿಟ್ಟನು. ೧೭೪೨ರಲ್ಲಿ ತೀರಿಕೊಂಡುದರಿಂದ ಅವನಿಗೆ ಅದನ್ನು ನೋಡುವ ಭಾಗ್ಯವಿರಲಿಲ್ಲ. ೧೭೫೮ನೆಯ ಡಿಸೆಂಬರು ೨೫ರ ರಾತ್ರಿ ಜರ್ಮನಿಯ ಡ್ರೆಸ್ಡನ್ನಿನ ಸಮೀಪದಲ್ಲಿ ಪಾಲಿಟ್ಜ್ ಎಂಬ ಒಬ್ಬ ಒಕ್ಕಲಿಗನು ತನ್ನ ದೂರದರ್ಶಕದಲ್ಲಿ ಅದನ್ನು ಮೊದಲು ಕಂಡನು. ಯಾರನ್ನೂ ಹೆದರಿಸದೆ, ಇಷ್ಟು ವರ್ಷಗಳ ಮೇಲೆ ಹೀಗಾಗುವುದೆಂದು ಹೇಳಿ, ಹೇಳಿದಂತೆ ಆದುದರಿಂದ ಯೂರೋಪಿನ ಜನವು ಆ ಶಾಸ್ತ್ರಕ್ಕೆ ತಲೆಬಾಗಿತು.

ಅದೇ ಧೂಮಕೇತುವು ೧೯೧೦ರಲ್ಲಿ ಪುನಃ ಬಂದಿತು. ಅಮೆರಿಕದ ಯರ್ಕಿಸ್ ವೇಧಶಾಲೆಯವರು ಅದರ ಬೆಳಕನ್ನು ಬಿಡಿಸಿ ನೋಡಿ, ಬಾಲದಲ್ಲಿ ಸಯನೋಜನ್ ಎಂಬ ವಿಷಾನಿಲವಿದೆಯೆಂದು ತಿಳಿಸಿದರು. ಅದು ನಿಜ. ಮೇ ತಿಂಗಳ ೧೮–೧೯ರಲ್ಲಿ ಭೂಮಿಯು ಆ ಬಾಲದ ಮೂಲಕ ಹಾಯಬಹುದೆಂದು ಗಣಿತವು ಹೇಳಿತು. ಅದೂ ನಿಜ. ಈ ಎರಡು ನಿಜಗಳ ನಡುವಿನಲ್ಲಿ ಮೂರನೆಯದೊಂದು ಇತ್ತು: ಬಾಲವೆಂಬುದು ಎಷ್ಟು ವಿರಳವಾದ ವಸ್ತುವೆಂದರೆ, ಅದರಲ್ಲಿ ಭೂಮಿಯು ಮುಳುಗಿದರೂ ಇಲ್ಲಿಯ ವಾಯುವಿಗೆ ಸೋಂಕು ತಾಗಲಾರದು. ಖಗೋಳಜ್ಞರಲ್ಲಿ ಬಹುಮಂದಿ ಇದನ್ನು ಒತ್ತಿ ಹೇಳಿದರು. ಆದರೆ ಫ್ರಾನ್ಸಿನ ಪ್ರಸಿದ್ಧ ಜ್ಯೋತಿರ್ವಿದರಾದ ಕಮೀಲ್ ಫ್ಲಾಮಾರಿಯೋನ್ ಅವರ ಅಭಿಪ್ರಾಯವೆಂದು, ಆ ಅನಿಲವು ವಾತಾವರಣವನ್ನೆಲ್ಲ ವ್ಯಾಪಿಸಿ ಜೀವಕೋಟಿಯನ್ನು ನಾಶಗೊಳಿಸಬಹುದೆಂಬ ಮಾತನ್ನು ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯು ಮುದ್ರಿಸಿತು. ಧೂಮಕೇತುವಿನಿಂದ ಲೋಕಕ್ಕೆ ಒದಗುವ ವಿಪತ್ತನ್ನು ಕುರಿತು ಕಾದಂಬರಿಯನ್ನೇ ಬರೆದಿದ್ದ ಮಹನೀಯರವರು. ಪತ್ರಿಕೆಗಳಿಗೆ ಅವರಂತಹವರು ದೊರೆತರೆ ಬೇರೇನು ಬೇಕು? ಜನರು ಕೀಲಿಯ ರಂಧ್ರಗಳನ್ನು ಕಾಗದದಿಂದ ಮುಚ್ಚಿದರು. ಧೂಮಕೇತುವಿನ ವಿಷಕ್ಕೆ ಗುಳಿಗೆಗಳನ್ನು ಮಾರುವವರೂ ಹುಟ್ಟಿಕೊಂಡರು. ಮೇ ೬ರಂದು ಏಳನೆಯ ಎಡ್ವರ್ಡ್ ಚಕ್ರವರ್ತಿಯು ತೀರಿಕೊಂಡದ್ದು, ಧೂಮಕೇತುವಿಗೂ ರಾಜಮರಣಕ್ಕೂ ಗಂಟುಹಾಕುತ್ತಿದ್ದವರಿಗೆ ಆನೆಯ ಬಲವನ್ನು ತಂದಿತು. ಆ ರಾತ್ರಿ ಕಳೆಯಿತು, ಬೆಳಗಾಯಿತು, ಏನೂ ಆಗಲಿಲ್ಲ. ಮರುದಿನ ನಗೆಗೆ ಈಡಾದವರು ಗುಳಿಗೆ ಮಾರಿದವರಲ್ಲ, ವೇಧಶಾಲೆಗಳವರು. ಬಾಲವು ನಿರಪಾಯವೆಂದು ಮೊದಲೇ ಸಾರಿದ್ದವರೂ ಆ ನಗೆಯ ಪಾಲನ್ನು ಹೊರಬೇಕಾಯಿತು. ಲೋಕದ ಲೆಕ್ಕದಲ್ಲಿ ಶಾಸ್ತ್ರಜ್ಞರೆಲ್ಲರೂ ಒಂದೇ ಮನೆತನದವರು. ಒಬ್ಬನ ಸಾಲವು ಎಲ್ಲರ ತಲೆಯ ಮೇಲೆ.

ಧೂಮಕೇತುವಿನ ಭೀತಿಯಿಂದ ಯಾರ ಪ್ರಾಣಕ್ಕೂ ಹೆಚ್ಚಿನ ಅಪಾಯವಿರಲಿಲ್ಲ ಎನ್ನಬಹುದು. ವೈದ್ಯದಲ್ಲಿ ಹಾಗಲ್ಲ. ೧೯೭೬ನೆಯ ಫೆಬ್ರವರಿಯಲ್ಲಿ ಅಮೆರಿಕದ ನ್ಯೂಜರ್ಸಿ ಸಂಸ್ಥಾನದ ಫೋರ್ಟ್ ಡಿಕ್ಸ್ ಎಂಬ ಸೈನ್ಯಶಿಬಿರದಲ್ಲಿ ಹಂದಿಗಳ ಜ್ವರವನ್ನು ಹೋಲುವ ಹೊಸ ಇನ್‌ಫ್ಲುಯೆಂಜವು ಕಾಣಿಸಿಕೊಂಡು ಒಬ್ಬ ಸಿಪಾಯಿಯು ಸತ್ತನು. ೧೯೧೮ರ ಮಹಾಮಾರಿಯ ನೆನಪು ವೈದ್ಯರಲ್ಲಿ ಅಳಿದಿರಲಿಲ್ಲ. ಆ ನೆನಪು ಸಹಜವಾದುದೇ. ಅವರು ಎಚ್ಚರಗೊಂಡದ್ದೂ ಸರಿಯೆ. ಆದರೆ ಎಚ್ಚರಿಕೆಯು ಒಂದೆರಡು ವಾರಗಳಲ್ಲಿ ನಿಶ್ಚಯದ ವೇಷವನ್ನು ಧರಿಸಿತು. ಆ ವರ್ಷ ಹತ್ತು ಲಕ್ಷ ಅಮೆರಿಕನ್ನರು ಸಾಯುವರೆಂಬ ಮಾತು ಮಂತ್ರಿಗಳ ಕಾಗದದಲ್ಲಿ ಬಂದಿತು. ಮಾರ್ಚಿ ೨೪ರಂದು ಅಧ್ಯಕ್ಷ ಫೋರ್ಡರು ದೇಶದ ಪ್ರತಿಯೊಬ್ಬನಿಗೂ ಲಸಿಕೆ ಹಾಕಿಸಬೇಕೆಂದು ಘೋಷಿಸಿದರು. ಇತ್ತ ಆ ಜ್ವರವು ಶಿಬಿರದ ಬೇಲಿಯನ್ನು ದಾಟಿ ಹರಡಲೇ ಇಲ್ಲ. ಆದರೂ ಹೇಳಿದ ಮಾತನ್ನು ಇಳಿಸುವುದಕ್ಕೆ ಯಾರೂ ಸಿದ್ಧರಾಗಲಿಲ್ಲ. ಅಕ್ಟೋಬರು ೧ರಿಂದ ಲಸಿಕೆ ಪ್ರಾರಂಭವಾಯಿತು.

ಮುಂದೆ ನಡೆದುದು ವಿಚಾರಕ್ಕೆ ಅರ್ಹವಾಗಿದೆ. ಹೆದರಿಕೆಯನ್ನು ಒಮ್ಮೆ ಎಬ್ಬಿಸಿದ ಮೇಲೆ ಅದು ಎಬ್ಬಿಸಿದವರ ಅಂಕೆಯಲ್ಲಿ ನಿಲ್ಲದು. ಹನ್ನೊಂದನೆಯ ತಾರೀಖಿನಂದು ಪಿಟ್ಸ್‌ಬರ್ಗ್ ನಗರದಲ್ಲಿ ಲಸಿಕೆ ಹಾಕಿಸಿಕೊಂಡ ಮೂವರು ವೃದ್ಧರು ಅದೇ ದಿನ ಸತ್ತರು. ಆ ವಯಸ್ಸಿನವರು ಅಷ್ಟು ಸಾವಿರ ಮಂದಿ ನೆರೆದ ಕಡೆ ಅಂತಹ ಮರಣಗಳು ಕಾಕತಾಳೀಯವಾಗಿ ಒದಗುವುದುಂಟು. ಕಾಗೆ ಕೂತುದಕ್ಕೂ ಹಣ್ಣು ಬಿದ್ದುದಕ್ಕೂ ಸಂಬಂಧವಿಲ್ಲವೆಂದು ವೈದ್ಯರು ಹೇಳಿದರು. ಆದರೆ ಪತ್ರಿಕೆಗಳು ಸಾವುಗಳನ್ನು ಎಣಿಸತೊಡಗಿದುವು. ಅನಂತರ ಗಿಲಾನ್‌–ಬಾರೆ ಎಂಬ, ಕೈಕಾಲುಗಳ ಸ್ವಾಧೀನ ತಪ್ಪಿಸುವ ನರರೋಗವು ಲಸಿಕೆ ಹಾಕಿಸಿಕೊಂಡವರಲ್ಲಿ ಲಕ್ಷಕ್ಕೆ ಒಬ್ಬರಂತೆ ಹೆಚ್ಚಾಗಿ ಕಾಣಿಸಿಕೊಂಡಿತು. ಡಿಸೆಂಬರು ೧೬ರಂದು ಕಾರ್ಯಕ್ರಮವನ್ನು ನಿಲ್ಲಿಸಿದರು. ಅಷ್ಟರೊಳಗೆ ನಾಲ್ಕು ಕೋಟಿಗೂ ಮಿಕ್ಕಿ ಜನರು ಬಾರದ ರೋಗಕ್ಕೆ ಲಸಿಕೆ ಹಾಕಿಸಿಕೊಂಡಿದ್ದರು. ಮಹಾಮಾರಿಯು ಬಂದಿದ್ದರೆ ಲಕ್ಷಕ್ಕೊಬ್ಬನ ಕಷ್ಟವನ್ನು ಜನರು ಸಹಿಸಿಕೊಳ್ಳುತ್ತಿದ್ದರೋ ಏನೋ. ಅದು ಬರಲಿಲ್ಲವಾದುದರಿಂದ ತೂಗುವ ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಏನೂ ಇರಲಿಲ್ಲ. “ಬರಬಹುದು, ಬಾರದೆಯೂ ಇರಬಹುದು, ಔಷಧವನ್ನು ಸಿದ್ಧಪಡಿಸಿಟ್ಟುಕೊಂಡು ಕಾಯೋಣ” ಎಂಬ ಸಲಹೆಯನ್ನು ಆಗಲೇ ಕೆಲವರು ಕೊಟ್ಟಿದ್ದರು. ಅದು ಸಪ್ಪೆಯಾದ ಮಾತು. ಚುನಾವಣೆಯ ವರ್ಷದಲ್ಲಿ ಸಪ್ಪೆಯಾದ ಮಾತಿಗೆ ಗಿರಾಕಿಗಳು ಕಡಮೆ.

ಇನ್ನು ಭರತಖಂಡಕ್ಕೆ ತೀರ ಸಮೀಪವಾದ, ಈಗಲೂ ಆರದ ಗಾಯವೊಂದಿದೆ. ವಾಯುಗುಣದ ಬದಲಾವಣೆಯನ್ನು ವಿಚಾರಿಸುವುದಕ್ಕಾಗಿ ೧೯೮೮ರಲ್ಲಿ ಸ್ಥಾಪಿತವಾದ, ಐ. ಪಿ. ಸಿ. ಸಿ. ಎಂಬ ಹ್ರಸ್ವನಾಮದಿಂದ ಕರೆಯಲ್ಪಡುವ ಅಂತರರಾಷ್ಟ್ರೀಯ ಮಂಡಲಿಯು ೨೦೦೭ರಲ್ಲಿ ತನ್ನ ನಾಲ್ಕನೆಯ ವರದಿಯನ್ನು ಹೊರಡಿಸಿತು. ಅದೇ ವರ್ಷ ಆ ಮಂಡಲಿಗೆ ಶಾಂತಿಯ ನೊಬೆಲ್ ಬಹುಮಾನದಲ್ಲಿ ಪಾಲು ದೊರೆಯಿತು. ವರದಿಯ ಎರಡನೆಯ ಸಂಪುಟದಲ್ಲಿ, ಏಷ್ಯಾಖಂಡವನ್ನು ಕುರಿತ ಅಧ್ಯಾಯದಲ್ಲಿ, ಹಿಮಾಲಯದ ಹಿಮನದಿಗಳು ಈಗಿನ ಗತಿಯಲ್ಲಿಯೇ ಕರಗಿದರೆ ೨೦೩೫ರೊಳಗೆ, ಅಥವಾ ಅದಕ್ಕೂ ಮೊದಲೇ, ಇಲ್ಲವಾಗುವ ಸಂಭವವು ಅತ್ಯಧಿಕವೆಂದು ಬರೆದಿತ್ತು. ಗಂಗೋತ್ರಿಯ ಹಿಮರಾಶಿಯು ಇಪ್ಪತ್ತೆಂಟು ವರ್ಷಗಳಲ್ಲಿ ಮಾಯವಾಗುವುದೆಂದರೆ ಸಾಮಾನ್ಯವಾದ ಮಾತೆ? ಓದಿದವನ ಎದೆಯು ಝಲ್ಲೆನ್ನದೆ ಇದ್ದೀತೆ?

ಆ ಮಾತಿನ ಮೂಲವನ್ನು ಹುಡುಕಿಹೋದರೆ ಜಾತಕದ ಸಿಂಹವು ನಡೆದ ದಾರಿಯೇ ಸಿಕ್ಕುತ್ತದೆ. ಮಂಡಲಿಯವರು ತೋರಿಸಿದ ಆಧಾರವು ವನ್ಯಜೀವಿಗಳ ರಕ್ಷಣೆಗಾಗಿ ದುಡಿಯುವ ಒಂದು ಸಂಸ್ಥೆಯು ೨೦೦೫ರಲ್ಲಿ ಪ್ರಕಟಿಸಿದ ಪುಸ್ತಿಕೆ. ಆ ಪುಸ್ತಿಕೆಯು ತೋರಿಸಿದುದು ೧೯೯೯ರ ಒಂದು ವಿಜ್ಞಾನ ವಾರಪತ್ರಿಕೆಯ ಲೇಖನವನ್ನು. ಆ ಲೇಖನಕ್ಕೆ ಆಧಾರವು ಒಬ್ಬ ಭಾರತೀಯ ವಿದ್ವಾಂಸರೊಡನೆ ನಡೆದ ಸಂಭಾಷಣೆ. ಅಳತೆ ಮಾಡಿ, ಪರೀಕ್ಷೆಗೆ ಒಡ್ಡಿ, ಪ್ರಕಟಿಸಿದ ಗಣಿತವು ಈ ಸರಪಣಿಯಲ್ಲಿ ಎಲ್ಲಿಯೂ ಇಲ್ಲ. ಅದರ ಮಗ್ಗುಲಿನ ವಾಕ್ಯವು ಇನ್ನೂ ಸೋಜಿಗದ್ದು: ಹಿಮಾಲಯದ ಹಿಮನದಿಗಳ ವಿಸ್ತೀರ್ಣವು ೫ ಲಕ್ಷ ಚದರ ಕಿಲೊಮೀಟರಿನಿಂದ ೧ ಲಕ್ಷಕ್ಕೆ ಇಳಿಯುವುದೆಂದು ಅಲ್ಲಿ ಬರೆದಿದೆ. ಹಿಮಾಲಯದಲ್ಲಿರುವ ಹಿಮನದಿಗಳೆಲ್ಲ ಕೂಡಿದರೂ ಸುಮಾರು ೩೩ ಸಾವಿರ ಚದರ ಕಿಲೊಮೀಟರು ಆಗಬಹುದು. ಧ್ರುವಪ್ರದೇಶಗಳನ್ನು ಬಿಟ್ಟು ಜಗತ್ತಿನ ಉಳಿದ ಹಿಮನದಿಗಳೆಲ್ಲ ೨೩೫೦ರ ಹೊತ್ತಿಗೆ ಅಷ್ಟು ಕುಗ್ಗಬಹುದೆಂದು ೧೯೯೬ರಲ್ಲಿ ಒಬ್ಬ ರಷ್ಯದ ಪಂಡಿತರು ಬರೆದಿದ್ದರು. ಜಗತ್ತು ಹಿಮಾಲಯವಾಯಿತು, ೨೩೫೦ ಎಂಬುದು ೨೦೩೫ ಆಯಿತು. ಮೂರು ಶತಮಾನಗಳನ್ನು ನುಂಗುವುದಕ್ಕೆ ಅಂಕಿಗಳ ಸ್ಥಾನಪಲ್ಲಟವೊಂದೇ ಸಾಕು. ಕೆನಡದ ಟ್ರೆಂಟ್ ವಿಶ್ವವಿದ್ಯಾಲಯದ ಗ್ರಹಾಂ ಕಾಗ್ಲಿ ಮೊದಲಾದವರು ಈ ಜಾಡನ್ನು ಹಿಡಿದು ೨೦೧೦ರ ಜನವರಿಯಲ್ಲಿ ‘ಸೈನ್ಸ್’ ಪತ್ರಿಕೆಗೆ ಬರೆದರು. ೨೦೩೫ರೊಳಗೆ ಎಲ್ಲವೂ ಕರಗಬೇಕಾದರೆ, ಹಿಂದಿನ ನಾಲ್ವತ್ತು ವರ್ಷಗಳಲ್ಲಿ ಕರಗಿದುದರ ೨೫ ಪಟ್ಟು ವೇಗದಿಂದ ಕರಗಬೇಕಾಗುತ್ತದೆಂದು ಅವರು ತೋರಿಸಿದರು.

ತಪ್ಪು ಯಾರಿಗಿಲ್ಲ? ಸುಮಾರು ಸಾವಿರ ಪುಟಗಳ ಸಂಪುಟದಲ್ಲಿ ಎರಡು ವಾಕ್ಯಗಳು ಕೆಟ್ಟರೆ ಕ್ಷಮಿಸಬಹುದಾಗಿತ್ತು. ಕ್ಷಮೆಗೆ ಅಡ್ಡಬಂದುದು ಆಮೇಲಿನ ನಡತೆ. ಕರಡನ್ನು ಪರಿಶೀಲಿಸಿದವರು ಆ ವಾಕ್ಯವನ್ನು ಮೊದಲೇ ಪ್ರಶ್ನಿಸಿದ್ದರು. ಪ್ರಶ್ನೆಗೆ ತಕ್ಕ ಉತ್ತರವಿಲ್ಲದೆ ವಾಕ್ಯವು ಉಳಿಯಿತು. ೨೦೦೯ನೆಯ ನವೆಂಬರಿನಲ್ಲಿ ಭಾರತದ ಪರಿಸರ ಮಂತ್ರಿಗಳಾಗಿದ್ದ, ಚಿಕ್ಕಮಗಳೂರಿನಲ್ಲಿ ಜನಿಸಿದ ಜೈರಾಂ ರಮೇಶರು, ಭೂಗರ್ಭ ಇಲಾಖೆಯ ನಿವೃತ್ತ ಅಧಿಕಾರಿ ವಿ. ಕೆ. ರೈನಾ ಅವರಿಂದ ಬರೆಯಿಸಿದ ಒಂದು ಪ್ರಬಂಧವನ್ನು ಹೊರತಂದರು. ಹಿಮನದಿಗಳು ಹಿಂದೆ ಸರಿಯುತ್ತಿರುವುದುಂಟು, ಅಸಾಧಾರಣವಾದ ವೇಗದಿಂದಲ್ಲ ಎಂಬುದು ಅದರ ತಾತ್ಪರ್ಯ. ಅದರಲ್ಲಿಯೂ ತೊಡಕುಗಳಿದ್ದುವು, ಅದು ಇನ್ನೊಂದು ಕಡೆಗೆ ಸ್ವಲ್ಪ ಹೆಚ್ಚಾಗಿಯೇ ವಾಲಿತ್ತು. ಆದರೆ ಮಂಡಲಿಯ ಅಧ್ಯಕ್ಷರಾಗಿದ್ದ ರಾಜೇಂದ್ರ ಪಚೌರಿಯವರು ಅದನ್ನು ಪರೀಕ್ಷಿಸುವುದಕ್ಕೆ ಬದಲು, ಮಾಟಗಾರರ ವಿಜ್ಞಾನವೆಂಬ ಅರ್ಥ ಬರುವ ಮಾತಿನಿಂದ ಜರೆದರು. ಪೂರ್ವಪಕ್ಷವನ್ನು ನಿಂದೆಯಿಂದ ಗೆದ್ದ ಸಿದ್ಧಾಂತವು ಯಾವ ದರ್ಶನದಲ್ಲಿ ಉಂಟು? ಮೂರು ತಿಂಗಳೂ ತುಂಬುವುದಕ್ಕೆ ಮೊದಲು, ೨೦೧೦ನೆಯ ಜನವರಿ ೨೦ರಂದು, ಆ ಮಂಡಲಿಯೇ ವಿಷಾದವನ್ನು ಸೂಚಿಸಿ ಹೇಳಿಕೆಯನ್ನು ಕೊಡಬೇಕಾಯಿತು.

ಭೌತಶಾಸ್ತ್ರದ ಆಧಾರಗಳನ್ನು ಸಂಗ್ರಹಿಸಿದ ಅದೇ ವರದಿಯ ಮೊದಲನೆಯ ಸಂಪುಟದಲ್ಲಿ ಹಿಮನದಿಗಳ ವಿಚಾರವು ಪ್ರಮಾಣಬದ್ಧವಾಗಿತ್ತು. ಅಲ್ಲಿ ೨೦೩೫ರ ಸುಳಿವೇ ಇರಲಿಲ್ಲ. ಆದರೆ ಜನರು ಸಂಪುಟಗಳನ್ನು ಓದುವರೆ? ಅವರು ಓದಿದ್ದು ಪತ್ರಿಕೆಯ ತಲೆಬರಹವನ್ನು, ಅನಂತರ ಆ ತಲೆಬರಹದ ಖಂಡನೆಯನ್ನು. ಕಾರ್ಖಾನೆಯ ಹೊಗೆಯಿಂದ ಲೋಕಕ್ಕೆ ಯಾವ ಕೇಡೂ ಇಲ್ಲವೆಂದು ವಾದಿಸುವವರಿಗೆ ಆ ಎರಡು ವಾಕ್ಯಗಳು ಅಕ್ಷಯಪಾತ್ರೆಯಾದುವು. ಹತ್ತು ವರ್ಷಗಳ ಶ್ರಮದಿಂದ ತಂದ ಅಳತೆಯ ಪಟ್ಟಿಯನ್ನು ಮುಂದಿಟ್ಟರೂ, “ನಿಮ್ಮ ಹಿಮಾಲಯವು ಎಲ್ಲಿಗೆ ಬಂದಿತು?” ಎಂದು ಕೇಳಿದರೆ ಸಾಕು, ಸಭೆಯು ನಗುತ್ತದೆ.

ನಗತಕ್ಕ ವಿಷಯವಲ್ಲವೆಂಬುದೇ ಸಂಕಟ. ಕಾಠ್ಮಂಡುವಿನ ಅಂತರರಾಷ್ಟ್ರೀಯ ಪರ್ವತಾಭಿವೃದ್ಧಿ ಕೇಂದ್ರದವರು ೨೦೧೯ರಲ್ಲಿ ಪ್ರಕಟಿಸಿದ ವಿಸ್ತಾರವಾದ ಪರಿಶೀಲನೆಯ ಪ್ರಕಾರ, ಜಗತ್ತಿನ ತಾಪವೃದ್ಧಿಯನ್ನು ಒಂದೂವರೆ ಡಿಗ್ರಿಗೆ ತಡೆದರೂ ಹಿಂದೂಕುಶ–ಹಿಮಾಲಯದ ಹಿಮದಲ್ಲಿ ಮೂರನೆಯ ಒಂದು ಪಾಲು ಈ ಶತಮಾನದ ಅಂತ್ಯಕ್ಕೆ ಹೋಗುವುದು. ಹೊಗೆಯು ಈಗಿನಂತೆಯೇ ಏರಿದರೆ ಮೂರರಲ್ಲಿ ಎರಡು ಪಾಲು. ಇದು ೨೦೩೫ರ ಪ್ರಳಯವಲ್ಲ; ಇಂದು ಹುಟ್ಟಿದ ಕೂಸು ಮುದುಕನಾಗುವುದರೊಳಗೆ ಕಾಣಬಹುದಾದ ನಷ್ಟ. ಗಂಗೆಯ ನೀರಿನಲ್ಲಿ ಬಹುಭಾಗವು ಮಳೆಯದು, ಆದುದರಿಂದ ಅವಳು ಬತ್ತಿಹೋಗಳು. ಸಿಂಧೂನದಿಗೆ ಹಿಮದ ಹಂಗು ಹೆಚ್ಚು, ಅಲ್ಲಿಯ ಒಕ್ಕಲಿಗರಿಗೆ ಬೇಸಗೆಯ ನೀರಿನ ಚಿಂತೆಯೂ ಹೆಚ್ಚು. ಇಂತಹ ತಾರತಮ್ಯವನ್ನು ಹೇಳುವುದಕ್ಕೆ ನಾಲಿಗೆಗೆ ಶಾಂತಿ ಬೇಕು, ಕೇಳುವುದಕ್ಕೆ ಕಿವಿಗೆ ವಿಶ್ವಾಸ ಬೇಕು.

ಆಯುರ್ವೇದದ ಆಚಾರ್ಯರು ರೋಗಗಳನ್ನು ಸುಖಸಾಧ್ಯ, ಕೃಚ್ಛ್ರಸಾಧ್ಯ, ಯಾಪ್ಯ, ಅಸಾಧ್ಯವೆಂದು ವಿಂಗಡಿಸಿದುದರ ಸ್ವಾರಸ್ಯವು ಇಲ್ಲಿ ನೆನಪಾಗದೆ ಇರದು. ಯಾಪ್ಯವೆಂದರೆ ಬೇರುಸಹಿತ ಹೋಗದ, ಆದರೆ ಪಥ್ಯದಲ್ಲಿದ್ದರೆ ಬಹುಕಾಲ ಅಂಕೆಯಲ್ಲಿರುವ ರೋಗ. ಯಾಪ್ಯವನ್ನು ಅಸಾಧ್ಯವೆಂದು ಸಾರಿದ ವೈದ್ಯನ ಮುಂದೆ ಎರಡು ಕೇಡುಗಳು ಕಾದಿರುತ್ತವೆ. ರೋಗಿಯು ಮಾತನ್ನು ನಂಬಿದರೆ, ಹೇಗಿದ್ದರೂ ಸಾಯುವವನಿಗೆ ಪಥ್ಯವೇಕೆಂದು ಅದನ್ನು ಬಿಡುತ್ತಾನೆ. ಹೇಳಿದ ಅವಧಿ ಮೀರಿಯೂ ಬದುಕಿದರೆ, ವೈದ್ಯನನ್ನೇ ಬಿಡುತ್ತಾನೆ.

ಹೆದರಿಸದೆ ಜನವು ಕದಲದು ಎಂಬ ಆಕ್ಷೇಪವುಂಟು. ಇದನ್ನು ಹೇಳುವವರು ದುಷ್ಟರಲ್ಲ. ಬಹುಶಃ ಜನರ ಮೇಲಿನ ಕನಿಕರವೇ ಅವರಿಂದ ಹಾಗೆ ಆಡಿಸುತ್ತದೆ. ೧೯೬೭ರಲ್ಲಿ ಅಮೆರಿಕದ ಪ್ಯಾಡಕ್ ಸೋದರರು ೧೯೭೫ರ ಕ್ಷಾಮವನ್ನು ಸಾರಿ ಒಂದು ಪುಸ್ತಕವನ್ನು ಬರೆದು, ಭಾರತವನ್ನು ಉಳಿಸಲಾಗದ ದೇಶಗಳ ಪಂಕ್ತಿಯಲ್ಲಿ ಕೂರಿಸಿದರು. ಅವರ ಉದ್ದೇಶವು ತಮ್ಮ ಸರ್ಕಾರವನ್ನು ಎಚ್ಚರಿಸುವುದೇ ಆಗಿತ್ತು. ಅವರ ಶಾಯಿಯು ಆರುವಷ್ಟರಲ್ಲಿ ಇಲ್ಲಿಯ ಗೋದಿಯ ಬೆಳೆಯು ೧೯೬೪–೬೫ರ ಸುಮಾರು ೧೨೦ ಲಕ್ಷ ಟನ್ನುಗಳಿಂದ ೧೯೭೧–೭೨ರ ೨೬೦ ಲಕ್ಷಕ್ಕೆ ಏರಿತು. ಹಸಿವನ್ನು ಹಿಂದಟ್ಟಿದವರು ಬೀಜವನ್ನೂ ನೀರನ್ನೂ ಗೊಬ್ಬರವನ್ನೂ ಲೆಕ್ಕಹಾಕಿದವರು. ಇನ್ನೊಂದು ಕಡೆಯಿಂದ ನೋಡಿದರೆ, ನಿಜವಾದ ಎಚ್ಚರಿಕೆಯೂ ಸುಳ್ಳಿನಂತೆ ಕಾಣುವ ಸಂದರ್ಭವುಂಟೆಂಬುದನ್ನು ಮರೆಯಬಾರದು. ಶೈತ್ಯಯಂತ್ರಗಳಲ್ಲಿ ಆಗ ಬಳಸುತ್ತಿದ್ದ ಅನಿಲಗಳು ಓಜೋನಿನ ಕವಚವನ್ನು ಕೊರೆಯುವುವೆಂದು ಮೊಲೀನ, ರೋಲೆಂಡ್ ಎಂಬಿಬ್ಬರು ರಸಾಯನಜ್ಞರು ೧೯೭೪ರಲ್ಲಿ ಹೇಳಿದರು. ೧೯೮೫ರಲ್ಲಿ ದಕ್ಷಿಣ ಧ್ರುವದ ಮೇಲೆ ರಂಧ್ರವು ಕಂಡಿತು. ೧೯೮೭ರಲ್ಲಿ ಮಾಂಟ್ರಿಯಲ್ ನಗರದಲ್ಲಿ ಒಡಂಬಡಿಕೆಯಾಯಿತು. ಈಗ ಆ ಕವಚವು ಮೆಲ್ಲಗೆ ಕೂಡಿಕೊಳ್ಳುತ್ತಿರುವುದನ್ನು ಕಂಡು, ಅಂದಿನ ಗದ್ದಲವೆಲ್ಲ ವ್ಯರ್ಥವೆನ್ನುವವರಿದ್ದಾರೆ. ಔಷಧದಿಂದ ವಾಸಿಯಾದವನು ರೋಗವೇ ಇರಲಿಲ್ಲವೆಂದರೆ ವೈದ್ಯನು ಮಾಡುವುದೇನು?

ಭಾರೀ ಭವಿಷ್ಯವಾಣಿಗಳ ನಡುವೆ ಸಣ್ಣ ಮಾತುಗಳು ಕೇಳಿಸದೆ ಹೋಗುವುದು ಇನ್ನೂ ದುಃಖಕರವಾದುದು. ಸಿಕ್ಕಿಮಿನ ದಕ್ಷಿಣ ಲ್ಹೋನಕ್ ಎಂಬ ಸರೋವರವು ಹಿಮನದಿಯು ಕರಗಿದ ನೀರಿನಿಂದ ವರ್ಷೇ ವರ್ಷೇ ಬೆಳೆಯುತ್ತಿದೆಯೆಂದೂ, ಅದರ ಕಟ್ಟೆಯು ಒಡೆದರೆ ತೀಸ್ತಾ ಕಣಿವೆಗೆ ಅಪಾಯವೆಂದೂ ಸಂಶೋಧಕರು ಹೆಸರು ಹಿಡಿದು ಬರೆದಿದ್ದರು. ಇಡೀ ಹಿಮಾಲಯವೇ ಕರಗುವುದೆಂಬ ಮಾತಿಗೆ ದೊರೆತ ತಲೆಬರಹವು ಒಂದು ಸರೋವರದ ಮಾತಿಗೆ ದೊರೆಯುವುದು ಹೇಗೆ? ೨೦೨೩ನೆಯ ಅಕ್ಟೋಬರು ೩–೪ರ ರಾತ್ರಿ ಅದು ಉಕ್ಕಿ ಒಡೆದು, ಚುಂಗ್‌ಥಾಂಗ್ ಬಳಿಯ ಅಣೆಕಟ್ಟನ್ನು ಕೊಚ್ಚಿಕೊಂಡು, ಮಲಗಿದ್ದ ಊರುಗಳ ಮೇಲೆ ಹರಿಯಿತು.

ಬಂಗಾಳಕೊಲ್ಲಿಯ ತೀರದಲ್ಲಿ ಬೇರೊಂದು ರೀತಿಯ ನಡತೆಯನ್ನು ಕಾಣಬಹುದು. ೧೯೯೯ನೆಯ ಅಕ್ಟೋಬರಿನ ಚಂಡಮಾರುತದಲ್ಲಿ ಒಡಿಶಾ ಪ್ರಾಂತದಲ್ಲಿ ಸುಮಾರು ಹತ್ತು ಸಾವಿರ ಜನರು ಮಡಿದಿದ್ದರು. ೨೦೧೩ರ ಅಕ್ಟೋಬರಿನಲ್ಲಿ ಫೈಲಿನ್ ಎಂಬ ಚಂಡಮಾರುತವು ಅದೇ ತೀರದ ಕಡೆಗೆ ಹೊರಟಿತು. ಇದು ೧೯೯೯ರದಕ್ಕೆ ಸಮಾನವಾದ ಮಹಾಚಂಡಮಾರುತವೆಂದೂ, ಭಾರತದ ಹವಾಮಾನ ಇಲಾಖೆಯವರು ಅದರ ಬಲವನ್ನು ಕಡಮೆಮಾಡಿ ಹೇಳುತ್ತಿರುವರೆಂದೂ ಕೆಲವು ವಿದೇಶೀಯರು ಗಟ್ಟಿಯಾಗಿ ಆಕ್ಷೇಪಿಸಿದರು. ಇಲಾಖೆಯ ಮುಖ್ಯಸ್ಥರಾಗಿದ್ದ ಎಲ್. ಎಸ್. ರಾಥೋಡರು ಮಾತು ಬದಲಿಸಲಿಲ್ಲ. ಗಾಳಿಯ ವೇಗವು ಗಂಟೆಗೆ ೨೧೦ರಿಂದ ೨೨೦ ಕಿಲೊಮೀಟರು. ಗೋಪಾಲಪುರದ ಸಮೀಪದಲ್ಲಿ ದಡವನ್ನು ಮುಟ್ಟುವುದು. ಇಂತಹ ಮನೆಗಳು ನಿಲ್ಲಲಾರವು: ಇಷ್ಟನ್ನೇ ಮತ್ತೆ ಮತ್ತೆ ಹೇಳಿದರು. ಸುಮಾರು ಹತ್ತು ಲಕ್ಷ ಜನರನ್ನು ಸರ್ಕಾರವು ಗಟ್ಟಿಕಟ್ಟಡಗಳಿಗೆ ಸಾಗಿಸಿತು. ಅಕ್ಟೋಬರು ೧೨ರ ರಾತ್ರಿ ಫೈಲಿನ್ ಗೋಪಾಲಪುರದ ಬಳಿಯಲ್ಲಿಯೇ, ಹೆಚ್ಚುಕಡಮೆ ಹೇಳಿದ ವೇಗದಿಂದಲೇ, ದಡವನ್ನು ಹೊಕ್ಕಿತು. ಸತ್ತವರು ಐವತ್ತಕ್ಕಿಂತ ಕಡಮೆ.

ಆರು ವರ್ಷಗಳ ಅನಂತರ, ೨೦೧೯ನೆಯ ಮೇ ತಿಂಗಳಿನಲ್ಲಿ, ಫೋನಿ ಎಂಬ ಇನ್ನೊಂದು ಚಂಡಮಾರುತವು ಪುರಿಯ ಕಡೆಗೆ ಬರುತ್ತಿದೆಯೆಂದು ಅದೇ ಇಲಾಖೆಯು ತಿಳಿಸಿತು. ಆ ಸಲ ಗಾಳಿಯು ಏಳುವುದಕ್ಕೆ ಮೊದಲೇ ಮನೆಗೆ ಬೀಗ ಹಾಕಿ ಹೊರಟವರು ಹನ್ನೆರಡು ಲಕ್ಷ ಮಂದಿ.